ಮಧ್ಯಾಹ್ನದ ಪಾಲು

ಆ ದಿನ ಬೆಳಗ್ಗೆ ಗಾಳಿ ಸತ್ತುಹೋಗಿತ್ತು. ಮೋಡ ಮನೆಗಳ ಸೂರಿಗೆ ತಲೆಯೊರಗಿಸಿ ಮಲಗಿದಂತಿತ್ತು. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಹಿತ್ತಲ ಹಗ್ಗದ ಮೇಲೆ ಹಿಂದಿನ ದಿನ ಹರವಿದ್ದ ಬೆಡ್‌ಶೀಟುಗಳು ಒಂದಿಷ್ಟೂ ಅಲುಗದೆ, ಮೇಷ್ಟ್ರು ಸಾಲಾಗಿ ನಿಲ್ಲಿಸಿದ ಮಕ್ಕಳ ಹಾಗೆ ನಿಂತಿದ್ದವು. ಇಂಥ ದಿನವೆಂದರೆ ಇಸ್ತ್ರಿ ಮಾಡುವವರಿಗೆ ಶನಿ. ತೇವದ ಬಟ್ಟೆಯ ಮೇಲೆ ಪೆಟ್ಟಿಗೆ ಇಟ್ಟರೆ ಹಬೆ ಏಳುತ್ತದೆಯೇ ಹೊರತು ಮಡಿಕೆ ಕೂರುವುದಿಲ್ಲ. ಆದರೂ ಆ ಮನೆಯ ಚಿಕ್ಕ ಸೊಸೆ, ಇಸ್ತ್ರಿಯವಳು, ಅಂದು ಮೋಡವನ್ನು ಬೈಯಲಿಲ್ಲ. ಮೇಜಿನ ಸ್ವಿಚ್ಚು ಆರಿಸಿ, ಓರಗಿತ್ತಿಯ ಊರುಗೋಲು ತಂದು ಗೋಡೆಗೆ ಆನಿಸಿ, "ಅಕ್ಕಾ, ಆಟೋ ಬಂತು" ಎಂದಳು.

ಅಕ್ಕ ಎಂದರೆ ದೊಡ್ಡ ಸೊಸೆ. ಬೀದಿಗೆಲ್ಲ ಅವಳು ಟೈಲರಮ್ಮ. ಐವತ್ತಮೂರು ತುಂಬಿದ, ಮಾತು ಕಡಿಮೆ, ಹೊಲಿಗೆ ನೇರ ಎನ್ನಿಸಿಕೊಂಡ ಹೆಂಗಸು. ಅವಳ ಬಲಗಾಲಿನ ಪ್ಲಾಸ್ಟರು ಬಿಚ್ಚುವ ದಿನ ಅದು.

ಆ ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಯ ಕಡೆ ಕಿಟಕಿಯ ಕೆಳಗೆ ಕಾಲಿನಲ್ಲಿ ತುಳಿಯುವ ಹೊಲಿಗೆ ಮಿಷನ್ನು, ಹಿಂದಿನ ಗೋಡೆಗೆ ಇಸ್ತ್ರಿ ಮೇಜು. ಮುಂದೆ ಬೆಳಕಿನಲ್ಲಿ ಕೂರುವವಳು ದೊಡ್ಡವಳು, ಹಿಂದೆ ಹಬೆಯಲ್ಲಿ ನಿಲ್ಲುವವಳು ಚಿಕ್ಕವಳು. ಗಂಡಂದಿರು ಅಣ್ಣತಮ್ಮಂದಿರು, ಇಬ್ಬರೂ ಬಸ್ಸು ಓಡಿಸುವವರು. ಒಬ್ಬ ಮನೆಗೆ ಬಂದು ಚಪ್ಪಲಿ ಬಿಡುವಾಗ ಇನ್ನೊಬ್ಬ ಮೆಟ್ಟಿಕೊಂಡು ಹೊರಡುತ್ತಿದ್ದ. ಹಾಗಾಗಿ ಹಗಲೆಲ್ಲ ಆ ಕೋಣೆಯಲ್ಲಿ ಎರಡೇ ಸದ್ದು: ಮುಂದೆ ಚಕ್ರದ ಗರಗರ, ಹಿಂದೆ ಪೆಟ್ಟಿಗೆಯ ಬುಸ್.

ಮಿಷನ್ನು ಅತ್ತೆಯದು. ಚಿಕ್ಕ ಸೊಸೆ ಮನೆ ತುಂಬಿದ ವಾರದಲ್ಲೇ ಆ ಪುಣ್ಯಾತ್ಗಿತ್ತಿ ಇಬ್ಬರನ್ನೂ ಕೂರಿಸಿ ಹೇಳಿದ್ದಳು: "ಬೆಳಗ್ಗೆ ದೊಡ್ಡವಳು, ಮಧ್ಯಾಹ್ನ ಚಿಕ್ಕವಳು. ಮಿಷನ್ನಿಗೆ ಇಬ್ಬರ ಕಾಲೂ ಒಂದೇ." ಮೊದಲ ವರ್ಷ ಹಾಗೇ ನಡೆಯಿತು. ಆಮೇಲೆ ಚಿಕ್ಕವಳ ಬಾಣಂತನ ಬಂತು, ಮಗುವಿನ ಕಾಯಿಲೆ ಬಂತು. ಮಧ್ಯಾಹ್ನವೂ ದೊಡ್ಡವಳೇ ಕೂತಳು. ಚಿಕ್ಕವಳು ಎದ್ದು ಬರುವ ಹೊತ್ತಿಗೆ ಆ ಜಾಗ ದೊಡ್ಡವಳಿಗೆ ಅಚ್ಚಿನಂತೆ ಕೂತುಬಿಟ್ಟಿತ್ತು. "ಈಗ ಗಿರಾಕಿ ಜಾಸ್ತಿ, ಸ್ವಲ್ಪ ದಿನ ಇರಲಿ" ಎಂದಳು. ಸ್ವಲ್ಪ ದಿನ ಇಪ್ಪತ್ತೆರಡು ವರ್ಷವಾಯಿತು. ಅತ್ತೆ ಕಣ್ಣು ಮುಚ್ಚಿ ಹನ್ನೆರಡು ವರ್ಷ. ಅದರ ಮೇಲೆ ಟೈಲರಮ್ಮ ಒಂದು ಪದ್ಧತಿಯನ್ನೂ ಇಟ್ಟುಕೊಂಡಿದ್ದಳು: ಕೆಲಸದಿಂದ ಏಳುವಾಗ ಮಿಷನ್ನಿನ ಹೊಟ್ಟೆಯೊಳಗಿನ ಬಾಬಿನ್ ಡಬ್ಬಿಯನ್ನು ತೆಗೆದು ಸೊಂಟದ ಪರ್ಸಿಗೆ ಹಾಕಿಕೊಳ್ಳುವುದು. ಹೆಬ್ಬೆರಳ ತುದಿಯಷ್ಟು ಉಕ್ಕಿನ ಡಬ್ಬಿ. ಅದಿಲ್ಲದೆ ಕೆಳಗಿನ ನೂಲು ಬರುವುದಿಲ್ಲ, ನೂಲು ಬರದಿದ್ದರೆ ಹೊಲಿಗೆ ಬೀಳುವುದಿಲ್ಲ. "ಮಕ್ಕಳು ಕೈ ಹಾಕ್ತಾವೆ" ಎನ್ನುತ್ತಿದ್ದಳು. ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟ ಮೇಲೂ ಡಬ್ಬಿ ಪರ್ಸಿನಲ್ಲೇ ಇತ್ತು. ಚಿಕ್ಕವಳು ಒಂದು ದಿನವೂ ಕೇಳಲಿಲ್ಲ. ಕೇಳದವರ ಸಾಲ ಬೇಗ ಮರೆತುಹೋಗುತ್ತದೆ.

ಕಾಲಿನ ಕಥೆ ಶುರುವಾದದ್ದು ಒಂದೂವರೆ ವರ್ಷದ ಹಿಂದೆ. ಮೇಲಿನ ಗೂಡಿನಿಂದ ಅಸ್ತರಿನ ಬಟ್ಟೆಯ ಸುರುಳಿ ತೆಗೆಯಲು ಸ್ಟೂಲು ಹತ್ತಿದ್ದಳು. ಸ್ಟೂಲು ಜಾರಿತು. ಬೀಳುವಾಗ ಮಂಡಿಯ ಹೊರಮಗ್ಗುಲು ಮಿಷನ್ನಿನ ಕಬ್ಬಿಣದ ಅಂಚಿಗೆ ಬಡಿಯಿತು. ಮೂಳೆ ಮುರಿಯಲಿಲ್ಲ, ದೇವರು ದೊಡ್ಡವನು ಎಂದು ಎದ್ದು ಕೂತಳು. ಮಾರನೆಯ ದಿನ ಎದ್ದರೆ ಪಾದ ಏಳಲಿಲ್ಲ. ಬೆರಳು ಮೇಲಕ್ಕೆ ಬಾ ಎಂದರೆ ಬರಲಿಲ್ಲ. ಪಾದ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಅಂದಿನಿಂದ ಅವಳ ನಡಿಗೆ ಮೊಣಕಾಲುದ್ದ ನೀರಿನಲ್ಲಿ ಹೋಗುವವಳ ನಡಿಗೆ: ಮಂಡಿ ಎತ್ತರಕ್ಕೆ, ಆಮೇಲೆ ಪಾದ ನೆಲಕ್ಕೆ ಟಪ್. "ನೀನು ಬರೋದು ಎರಡು ಬೀದಿ ಆಚೆಗೇ ಗೊತ್ತಾಗುತ್ತೆ ಕಣೇ, ಬಸ್ಸಿಗಾದ್ರೂ ಹಾರನ್ ಬೇಕು, ನಿನಗೆ ಅದೂ ಬೇಡ" ಎಂದು ಗಂಡ ನಗಿಸಲು ನೋಡಿದ. ಅವಳು ನಕ್ಕಳು, ಒಳಗೆ ಹೋಗಿ ಅತ್ತಳು.

ವರ್ಷ ಕಾದರೂ ಮಂಡಿಯ ಪೆಟ್ಟಿಗೆ ಸತ್ತ ನರ ಚಿಗುರಲಿಲ್ಲ. ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಒಂದು ಕಾಗದದ ಮೇಲೆ ಕಾಲಿನ ಚಿತ್ರ ಬರೆದು ತೋರಿಸಿದರು. "ಪಾದ ಎತ್ತೋ ಹುರಿಗಳಿಗೆ ಜೀವ ಇಲ್ಲಮ್ಮ. ಆದ್ರೆ ಪಾದವನ್ನ ಒಳಗಡೆ ತಿರುಗಿಸೋ ಹುರಿ ಇದ್ಯಲ್ಲ, ಅದು ಗಟ್ಟಿಯಾಗಿದೆ. ಅದರ ತುದಿ ಬಿಡಿಸಿ, ಎರಡು ಮೂಳೆ ಮಧ್ಯದಿಂದ ಮುಂದಕ್ಕೆ ತಂದು, ಪಾದದ ಮೇಲೆ ಹೊಲೀತೀವಿ. ಆಗ ಅದು ಎತ್ತೋ ಕೆಲಸ ಮಾಡುತ್ತೆ."

ಹೊಲಿಯುವುದು ಎಂದದ್ದೇ ಟೈಲರಮ್ಮನಿಗೆ ಜೀವ ಬಂತು. "ಒಂಟಿ ಹೊಲಿಗೆನಾ ಜೋಡಿ ಹೊಲಿಗೆನಾ? ಬಿಚ್ಚಿಹೋಗಲ್ಲ ತಾನೇ?"

"ನಾವು ಹೊಲಿದದ್ದನ್ನ ನೀವು ಬಿಚ್ಚದಿದ್ರೆ ಸಾಕು" ಎಂದು ಡಾಕ್ಟರಮ್ಮ ನಕ್ಕು, ಮತ್ತೆ ಗಂಭೀರವಾದರು. "ಇರೋದು ಒಂದೇ ಹುರಿ. ಇನ್ನೊಂದು ಸಲ ಮಾಡೋಕೆ ನಮ್ಮ ಹತ್ರ ಬೇರೆ ಇಲ್ಲ. ಅದನ್ನ ನೆನಪಿಟ್ಕೊಳ್ಳಿ."

ಆಪರೇಷನ್ನಿಗೆ ಹೊರಡುವಾಗ ಅವಳು ಸೊಂಟದ ಪರ್ಸು ತೆರೆದು, ಕ್ಷಣ ತಡೆದು, ಬಾಬಿನ್ ಡಬ್ಬಿಯನ್ನು ಓರಗಿತ್ತಿಯ ಕೈಗೆ ಹಾಕಿದ್ದಳು. "ಹೊಲಿಯೋಕೆ ಬಂದ ಬಟ್ಟೆ ಹಿಂದಕ್ಕೆ ಹೋಗಬಾರದು. ಇಟ್ಕೋ. ನಾನು ಎದ್ದು ಬಂದ ದಿನ ಕೊಡು."

"ಆಗಲಿ ಅಕ್ಕಾ" ಎಂದಿದ್ದಳು ಚಿಕ್ಕವಳು. ಅಷ್ಟೇ.

ಈಗ ಆರು ವಾರದ ಮೇಲೆ ಪ್ಲಾಸ್ಟರು ಬಿಚ್ಚಿತು. ಒಳಗಿದ್ದ ಕಾಲನ್ನು ಕಂಡು ಟೈಲರಮ್ಮನಿಗೆ ಮರುಕ ಉಕ್ಕಿತು. ಸಿಪ್ಪೆ ಎದ್ದ ಚರ್ಮ, ಒಣಗಿದ ಮೀನಖಂಡ, ಮೂರು ಕಡೆ ಹೊಲಿಗೆಯ ಗೆರೆ. ಊರವರ ಮೈಯ ಅಳತೆಯೆಲ್ಲ ಬಾಯಿಪಾಠವಿದ್ದವಳು ತನ್ನ ಪಾದವನ್ನು ಹೀಗೆ ಕಣ್ಣಿಟ್ಟು ನೋಡಿದ್ದು ಅದೇ ಮೊದಲು.

ಅದನ್ನು ಅಂಗೈಯಲ್ಲಿ ಹಿಡಿದುಕೊಂಡವರು ಥೆರಪಿ ಮೇಷ್ಟ್ರು. ದಪ್ಪ ಕನ್ನಡಕದ, ದೊಡ್ಡ ಕೈಗಳ ಆ ಮನುಷ್ಯ ಕಾಲುಗಳಿಗೆ ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳಿದಂತೆ ಪಾಠ ಹೇಳುತ್ತಿದ್ದರಿಂದ ಆಸ್ಪತ್ರೆಯವರೇ ಇಟ್ಟ ಹೆಸರು ಅದು.

"ನೋಡಿ ತಾಯಿ, ಈ ಹುರಿಗೆ ಮನೆ ಬದಲಾಗಿದೆ. ಆದ್ರೆ ಅದಕ್ಕೆ ಯಾರೂ ಹೇಳಿಲ್ಲ. ಅದು ಇನ್ನೂ ಹಳೇ ಮನೇಲೇ ಇದೀನಿ ಅಂದ್ಕೊಂಡಿದೆ."

"ಹೊಸದಾಗಿ ಬಂದ ಸೊಸೆ ಅನ್ನಿ."

"ಅದೇ! ಅಡುಗೆಮನೆ ಎಲ್ಲಿ, ನೀರಿನಮನೆ ಎಲ್ಲಿ, ಒಂದೂ ಗೊತ್ತಿಲ್ಲ. ಗದರಿಸಿದ್ರೆ ಮೂಲೆ ಹಿಡಿಯುತ್ತೆ. ಮೇಲಕ್ಕೆ ಎತ್ತು ಅಂದ್ರೆ ಅದಕ್ಕೆ ಅರ್ಥ ಆಗಲ್ಲ. ಅದಕ್ಕೆ ಗೊತ್ತಿರೋದು ಒಳಗೆ ತಿರುಗೋದು ಒಂದೇ. ಅದಕ್ಕೇ ನೀವು ಪಾದ ಒಳಗೆ ತಿರುಗಿಸ್ತೀನಿ ಅಂತ ನೆನೀರಿ. ಅದು ತಿರುಗೋಕೆ ಹೋಗುತ್ತೆ, ಪಾದ ಮೇಲೆ ಬರುತ್ತೆ."

ಟೈಲರಮ್ಮ ನೆನೆದಳು. ಕಣ್ಣು ಮುಚ್ಚಿ ನೆನೆದಳು, ಹಲ್ಲು ಕಚ್ಚಿ ನೆನೆದಳು. ತೊಡೆ ಅದುರಿತು, ಹುಬ್ಬು ಏರಿತು. ಪಾದ ಮಾತ್ರ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಸುಮ್ಮನಿತ್ತು.

"ಹುಬ್ಬಿಗೆ ಆಪರೇಷನ್ ಮಾಡಿಲ್ಲ ತಾಯಿ" ಎಂದರು ಮೇಷ್ಟ್ರು. "ನಿಧಾನ. ಮನೇಲಿ ದಿನಕ್ಕೆ ಐದು ಸಲ ಹತ್ತು ಹತ್ತು ನಿಮಿಷ. ಉಳಿದ ಹೊತ್ತು ಪಾದ ಎತ್ತಿ ಹಿಡಿಯೋ ಈ ಪಟ್ಟಿ ಕಾಲಲ್ಲೇ ಇರಬೇಕು. ಪಾದ ಕೆಳಕ್ಕೆ ಒತ್ತಬಾರದು, ನಿದ್ದೇಲೂ. ಹೊಸ ಹೊಲಿಗೆ ಎಳೆದ್ರೆ ಹಿಗ್ಗುತ್ತೆ. ಗೊತ್ತಲ್ಲ ನಿಮಗೆ?"

ಗೊತ್ತಿತ್ತು. ಗೊತ್ತಿದ್ದೂ ತಪ್ಪಿದಳು.

ಹತ್ತು ದಿನ ಶ್ರದ್ಧೆಯಿಂದ ನೆನೆದಳು. ಬೆಳಗ್ಗೆ ದೇವರಿಗೆ ಕೈಮುಗಿದು ಪಾದಕ್ಕೆ ಹೇಳುವುದು, ಸಂಜೆ ಪಾದಕ್ಕೆ ಹೇಳಿ ಸೋತು ದೇವರಿಗೆ ಕೈಮುಗಿಯುವುದು. ಪಾದ ಕದಲಲಿಲ್ಲ. ಅತ್ತ ಮುಂದಿನ ಕೋಣೆಯಲ್ಲಿ ಚಕ್ರ ತಿರುಗುವ ಸದ್ದು. ಚಿಕ್ಕವಳು ಹೊಲಿಯುತ್ತಿದ್ದಳು, ಅದೂ ಚೆನ್ನಾಗಿ. ಅತ್ತೆ ಒಂದು ವರ್ಷ ಕಲಿಸಿದ್ದು ಇಪ್ಪತ್ತೆರಡು ವರ್ಷ ಬೂದಿ ಮುಚ್ಚಿದ ಕೆಂಡದ ಹಾಗೆ ಇತ್ತೆಂದು ಕಾಣುತ್ತದೆ. ಒಳಗಿನ ಮಂಚದ ಮೇಲೆ ಕೂತು ಆ ಸದ್ದು ಕೇಳುವುದು ಟೈಲರಮ್ಮನಿಗೆ ಕಾಲುನೋವಿಗಿಂತ ಹೆಚ್ಚಿನ ನೋವಾಗಿತ್ತು.

ಹನ್ನೊಂದನೆಯ ದಿನ ಚಿಕ್ಕವಳು ಇಸ್ತ್ರಿ ಬಟ್ಟೆಯ ಗಂಟು ಹೊತ್ತು ಮನೆಮನೆಗೆ ಕೊಡಲು ಹೋದಳು. ಟೈಲರಮ್ಮ ಊರುಗೋಲು ಹಿಡಿದು ಮುಂದಿನ ಕೋಣೆಗೆ ಬಂದಳು. ಮಿಷನ್ನಿನ ಚಕ್ರದ ತಿರುಪು ಸಡಿಲಿಸಿದಳು. ಹಾಗೆ ಮಾಡಿದರೆ ಸೂಜಿ ನಿಂತಿರುತ್ತದೆ, ಚಕ್ರ ಬರಿದೆ ತಿರುಗುತ್ತದೆ. ಪಟ್ಟಿ ಬಿಚ್ಚಿದಳು. ಎರಡೂ ಪಾದ ತುಳಿಹಲಗೆಯ ಮೇಲಿಟ್ಟು ಮೆಲ್ಲಗೆ ಒತ್ತಿದಳು.

ಗರಗರ ಎಂದಿತು ಚಕ್ರ. ಬಲಪಾದ ಕೆಳಗೆ ಹೋಯಿತು, ಮೇಲೆ ಬಂತು. ಕೆಳಗೆ ಹೋಯಿತು, ಮೇಲೆ ಬಂತು. ಟೈಲರಮ್ಮನಿಗೆ ಕೈಲಾಸವೇ ಕೈಗೆ ಸಿಕ್ಕಿದಂತಾಯಿತು. ಮೇಷ್ಟ್ರಿಗೆ ಏನು ಗೊತ್ತು? ಮೂವತ್ತು ವರ್ಷ ತುಳಿದ ಕಾಲು; ಅದಕ್ಕೆ ಪಾಠ ಹೇಳಬೇಕಾದ್ದು ಮಿಷನ್ನೇ ಹೊರತು ಕನ್ನಡಕವಲ್ಲ. ಒಂಬತ್ತು ದಿನ, ದಿನಕ್ಕೊಂದು ಗಂಟೆ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ತುಳಿದಳು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಚಿಕ್ಕವಳೂ ಜೊತೆಗಿದ್ದಳು. ಟೈಲರಮ್ಮ ಹೆಮ್ಮೆಯಿಂದ ಕಾಲು ಚಾಚಿದಳು. "ಈಗ ನೋಡಿ ಮೇಷ್ಟ್ರೇ."

ಪಾದ ಗಾಳಿಯಲ್ಲಿ ಜೋತುಬಿದ್ದಿತ್ತು. ಎಲೆಯಷ್ಟೂ ಏಳಲಿಲ್ಲ.

"ಅಯ್ಯೋ, ಮನೇಲಿ ಚೆನ್ನಾಗಿ ಬರ್ತಿತ್ತು! ಮಿಷನ್ ಮೇಲೆ ಗರಗರ ಅಂತ..." ಎಂದವಳು ನಾಲಿಗೆ ಕಚ್ಚಿಕೊಂಡಳು. ಮಾತು ಆಡಿದರೆ ಹೋಯಿತು.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಗದರಿಸಿದ್ದರೆ ಹಗುರಾಗುತ್ತಿತ್ತು. "ತಾಯಿ, ತುಳಿಹಲಗೆ ಕೆಳಗೆ ಹೋಗೋದು ನಿಮ್ಮಿಂದ. ಮೇಲೆ ಬರೋದು ಯಾರಿಂದ?"

ಆಗ ಅವಳಿಗೆ ಹೊಳೆಯಿತು. ಚಕ್ರದಿಂದ. ಮೂವತ್ತು ವರ್ಷವೂ ಅವಳು ಒತ್ತಿದ್ದಳೇ ಹೊರತು ಎತ್ತಿರಲಿಲ್ಲ, ಎತ್ತುತ್ತಿದ್ದದ್ದು ಚಕ್ರ. ತನ್ನ ಪಾದವನ್ನು ಇನ್ನೊಬ್ಬರು ಎತ್ತುತ್ತಿದ್ದರೆ ತಾನೇ ಏಳುತ್ತಿದ್ದೇನೆಂದು ತಿಳಿದವಳು ಅವಳು. ಅದರ ಮೇಲೆ, ಕೆಳಕ್ಕೆ ಒತ್ತಬೇಡಿ ಎಂದದ್ದನ್ನು ದಿನಕ್ಕೆ ಸಾವಿರ ಸಲ ಒತ್ತಿದ್ದಳು.

"ಹೊಲಿಗೆ ಹಿಗ್ಗಿದ್ಯಾ?" ಅವಳು ಪಾದದ ಮೇಲಿನ ಗೆರೆ ಮುಟ್ಟಿ ಕೇಳಿದಳು.

"ಹೇಳೋಕಾಗಲ್ಲ. ಎರಡು ವಾರ ಪಟ್ಟಿ ಬಿಚ್ಚಲೇಬೇಡಿ, ವ್ಯಾಯಾಮಾನೂ ಬೇಡ. ಆಮೇಲೆ ನೋಡೋಣ. ಉಳಿದದ್ದು ದೇವರ ಕೈಲಿ."

ಮನೆಗೆ ಬಂದು ಟೈಲರಮ್ಮ ಮಂಚದ ಮೇಲೆ ಕೂತಾಗ ಚಿಕ್ಕವಳು ನೆಲದ ಮೇಲೆ ಕೂತು, ಪಟ್ಟಿಯ ಬಕಲು ಸರಿಮಾಡುತ್ತ ಹೇಳಿದಳು: "ನನಗೆ ಗೊತ್ತಿತ್ತು ಅಕ್ಕಾ. ನಾನು ಬಿಗಿ ಮಾಡಿ ಹೋದ ತಿರುಪು ಬಂದು ನೋಡಿದ್ರೆ ಸಡಿಲ ಇರ್ತಿತ್ತು."

"ಗೊತ್ತಿದ್ದೂ ಯಾಕೇ ಹೇಳಲಿಲ್ಲ?"

"ಮಿಷನ್ ಮೇಲೆ ಕೂತ್ಕೋಬೇಡಿ ಅಂತ ನಾನು ನಿಮಗೆ ಹೇಳೋದಾ?"

ಟೈಲರಮ್ಮ ತಲೆ ತಗ್ಗಿಸಿದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಅದು ನಾಟಿತು.

ಆ ಎರಡು ವಾರ ಅವಳು ದೇವರಲ್ಲಿ ಹೊಸದೇನನ್ನೂ ಬೇಡಲಿಲ್ಲ. ಕೊಟ್ಟದ್ದನ್ನು ನಾನೇ ಹಾಳು ಮಾಡಿಕೊಂಡೆನೇ ಎಂದು ಒಂದೇ ಕೇಳಿದಳು. ದಿನವಿಡೀ ಕೂತಲ್ಲಿಂದ ನೋಡುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ನೋಡಿದಳು. ಚಿಕ್ಕವಳು ಬೆಳಗ್ಗೆ ಐದಕ್ಕೆ ಇಸ್ತ್ರಿಗೆ ನಿಲ್ಲುವುದು, ಹತ್ತಕ್ಕೆ ಮಿಷನ್ನಿಗೆ ಕೂರುವುದು, ನಡುವೆ ಬಂದು ಇವಳ ದಿಂಬು ಎತ್ತರಿಸುವುದು, ಬಕೆಟ್ಟು ತಂದು ಮೈ ಒರೆಸುವುದು, "ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಕ್ಕಾ, ಗೋಡೆಗೆ ತಗಲುತ್ತೆ" ಎಂದು ನಗಿಸುವುದು. ತನ್ನದಲ್ಲದ ಕೆಲಸವನ್ನು ತನ್ನದೆಂಬಂತೆ ಮಾಡುವವಳು. ಕಾಲಿನೊಳಗಿನ ಹುರಿಗೂ ಇಷ್ಟು ಬುದ್ಧಿ ಬರಲಿ ಸ್ವಾಮೀ ಎಂದು ಟೈಲರಮ್ಮ ಮನಸ್ಸಿನಲ್ಲೇ ಕೈಮುಗಿದಳು.

ಎರಡು ವಾರದ ಮೇಲೆ ಮತ್ತೆ ಅದೇ ಕೋಣೆ. ಕಿಟಕಿಯಿಂದ ಬಿಸಿಲು ಟೈಲ್ಸಿನ ಮೇಲೆ ಬಿದ್ದಿತ್ತು. ಅವಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಪಟ್ಟಿ ಬಿಚ್ಚಿ, ಕಾಲು ಇಳಿಬಿಟ್ಟರು. ಮೇಷ್ಟ್ರು ಬೆರಳಿಟ್ಟು ಪಾದದ ಮೇಲಿನ ಹುರಿ ಮುಟ್ಟಿದರು. "ಒಳಗೆ ತಿರುಗಿಸಿ ತಾಯಿ."

ಇಲ್ಲ.

"ಹೆಬ್ಬೆರಳು ಆ ಕಾಲಿನ ಕಡೆ ತನ್ನಿ."

ಇಲ್ಲ. ಟೈಲರಮ್ಮನ ಕಣ್ಣು ತುಂಬಿತು. "ಒಳಗೆ ಅಂದ್ರೆ ಎಲ್ಲಿ ಅಂತಾನೇ ಗೊತ್ತಾಗ್ತಿಲ್ಲ ಮೇಷ್ಟ್ರೇ. ಈ ಕಾಲು ಯಾವತ್ತಾದ್ರೂ ಒಳಗೆ ತಿರುಗಿತ್ತಾ? ತುಳಿಯೋದು ಬಿಟ್ಟು ಇದು ಬೇರೇನೂ ಮಾಡಿಲ್ಲ."

"ಮಾಡಿದೆ" ಎಂದಿತು ಹಿಂದಿನಿಂದ ಒಂದು ದನಿ.

ಚಿಕ್ಕವಳು ಗೋಡೆಗೆ ಒರಗಿ ನಿಂತಿದ್ದಳು. ಯಾರಾದರೂ ತಡೆಯುವ ಮೊದಲೇ ಟ್ರೇಯಲ್ಲಿದ್ದ ಬ್ಯಾಂಡೇಜು ಕತ್ತರಿಸುವ ಕತ್ತರಿ ತೆಗೆದು, ಅಕ್ಕನ ಬಲಗಾಲಿನ ಪಕ್ಕ ನೆಲಕ್ಕೆ ಬಿಟ್ಟಳು.

ಠಣ್!

"ಏನಮ್ಮ ಇದು!" ಎಂದು ಮೇಷ್ಟ್ರು ಹಾರಿಬಿದ್ದರು. ಆದರೆ ಅವರ ಬೆರಳು ಪಾದದ ಮೇಲೇ ಇತ್ತು, ಮತ್ತು ಬೆರಳ ಕೆಳಗೆ ಹುರಿ ವೀಣೆಯ ತಂತಿಯ ಹಾಗೆ ಬಿಗಿದು ನಿಂತಿತ್ತು. ಕತ್ತರಿ ಬಿದ್ದ ಸದ್ದಿಗೆ ಟೈಲರಮ್ಮನ ಕಾಲು ಯಾರನ್ನೂ ಕೇಳದೆ ತನ್ನ ಹಳೆಯ ಕೆಲಸಕ್ಕೆ ಹೊರಟಿತ್ತು: ಬಿದ್ದ ಕತ್ತರಿಯನ್ನು ಪಾದದ ಒಳಮಗ್ಗುಲಿನಿಂದ ತನ್ನತ್ತ ಎಳೆದುಕೊಳ್ಳಲು. ಎಳೆಯಲು ಹೋದ ಪಾದ ತಿರುಗಲಿಲ್ಲ, ಎದ್ದಿತು. ಎರಡು ಬೆರಳಷ್ಟು, ನಡುಗುತ್ತ, ಎದ್ದಿತು.

"ಹೊಲಿಗೆ ಗಟ್ಟಿ ಇದೆ" ಎಂದರು ಮೇಷ್ಟ್ರು, ತಮಗೇ ಹೇಳಿಕೊಂಡಂತೆ. ಆಮೇಲೆ ಚಿಕ್ಕವಳ ಕಡೆ ತಿರುಗಿ, "ನಿಮಗೆ ಹೇಗಮ್ಮ ಗೊತ್ತು?"

"ಹಿಂದೆ ನಿಂತವಳಿಗೆ ಕಾಣೋದು ಅದೇ ತಾನೇ ಸ್ವಾಮಿ. ಅಕ್ಕ ಹೊಲಿಯುವಾಗ ಕತ್ತರಿ ಬಿದ್ರೆ ಬಗ್ಗಲ್ಲ. ಕಾಲಲ್ಲೇ ಎಳ್ಕೊಳ್ತಾರೆ. ದಿನಕ್ಕೆ ಹತ್ತು ಸಲ ನೋಡಿದೀನಿ, ಇಪ್ಪತ್ತೆರಡು ವರ್ಷ."

ಮೇಷ್ಟ್ರು ನಕ್ಕರು. ಟೈಲರಮ್ಮ ನಗಲಿಲ್ಲ. ಇಪ್ಪತ್ತೆರಡು ವರ್ಷ ಅಕ್ಕನ ಬೆನ್ನ ಹಿಂದೆ ನಿಂತು, ತಾನು ಕೂರಬೇಕಾದ ಜಾಗದಲ್ಲಿ ಕೂತವಳ ಪಾದವನ್ನು ಒಬ್ಬಳು ನೋಡುತ್ತಲೇ ಇದ್ದಳು. ಶಪಿಸಬಹುದಾಗಿತ್ತು. ನೋಡಿ ನೆನಪಿಟ್ಟುಕೊಂಡಳು, ನೆನಪನ್ನು ಬೇಕಾದ ದಿನ ನೆಲಕ್ಕೆ ಬಿಟ್ಟಳು. ದೇವರು ಯಾವ ರೂಪದಲ್ಲಿ ಬರುತ್ತಾನೆಂದು ಹೇಳುವವರು ಯಾರು? ಅಂದು ಇಸ್ತ್ರಿಯ ಸುಟ್ಟ ಗಾಯವಿದ್ದ ಒಂದು ಕೈಯ ರೂಪದಲ್ಲಿ ಬಂದಿದ್ದ.

ಅಂದಿನಿಂದ ಮನೆಯಲ್ಲಿ ಕತ್ತರಿಯ ಕಾಲ. ಚಿಕ್ಕವಳು ಹೊತ್ತಲ್ಲದ ಹೊತ್ತಿನಲ್ಲಿ ಬೀಳಿಸುತ್ತಿದ್ದಳು. ದೊಡ್ಡವಳ ಪಾದ ಏಳುತ್ತಿತ್ತು. "ಮನೇಲಿ ಒಂದು ಕತ್ತರಿಗೂ ಮೂತಿ ಉಳಿದಿಲ್ಲ" ಎಂದು ಮೈದುನ ಗೊಣಗಿದ. ಬರಬರುತ್ತ ಕತ್ತರಿ ಬೀಳದೆಯೂ ಎದ್ದಿತು. ಆಮೇಲೆ ಕತ್ತರಿಯನ್ನು ನೆನೆಯದೆಯೂ ಎದ್ದಿತು. ಕೂತು ಎತ್ತುವುದಾಯಿತು, ನಿಂತು ಎತ್ತುವುದಾಯಿತು, ಗೋಡೆ ಹಿಡಿದು ಹೆಜ್ಜೆಯಾಯಿತು. ಹಗಲಿನ ಪಟ್ಟಿ ಹೋಯಿತು, ಊರುಗೋಲು ಅಟ್ಟ ಸೇರಿತು. ಒಂದು ದಿನ ಗಂಡ ಕೆಲಸದಿಂದ ಬಂದು ಬಾಗಿಲಲ್ಲೇ ನಿಂತ. "ಯಾಕ್ರೀ?" ಎಂದಳು. "ಹಾರನ್ ಕೇಳಲಿಲ್ಲ" ಎಂದ, ಮುಖ ಆಚೆ ತಿರುಗಿಸಿಕೊಂಡು. ಟಪ್ ಸದ್ದು ಹೋಗಿತ್ತು.

ಆರನೆಯ ತಿಂಗಳು ಮೇಷ್ಟ್ರು ಮಿಷನ್ನಿಗೆ ಅಪ್ಪಣೆ ಕೊಟ್ಟರು.

ಮಾರನೆಯ ಬೆಳಗ್ಗೆ ಟೈಲರಮ್ಮ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಬಗ್ಗಿ ತನ್ನ ಪಾದವನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡು ಮುಂದಿನ ಕೋಣೆಗೆ ನಡೆದು ಬಂದಳು. ಮಿಷನ್ನು ಒರೆಸಿ ಎಣ್ಣೆ ಬಿಟ್ಟಾಗಿತ್ತು. ತುಳಿಹಲಗೆಯ ತುಕ್ಕು ಉಜ್ಜಿಯಾಗಿತ್ತು. ಸೂಜಿಯ ಕೆಳಗಿನ ಉಕ್ಕಿನ ತಗಡಿನ ಮೇಲೆ ಬಾಬಿನ್ ಡಬ್ಬಿ ಒಂಟಿಯಾಗಿ ಕೂತಿತ್ತು, ಬೆಳ್ಳಿಯ ಹಾಗೆ ಹೊಳೆಯುತ್ತ. ಚಿಕ್ಕವಳು ಆಗಲೇ ಹಿಂದೆ ಇಸ್ತ್ರಿ ಮೇಜಿನ ಬಳಿ ನಿಂತು ಅಂಗಿಯ ಕಾಲರಿಗೆ ನೀರು ಚಿಮುಕಿಸುತ್ತಿದ್ದಳು. ಎದ್ದು ಬಂದ ದಿನ ಕೊಡು ಎಂದಿದ್ದಳಲ್ಲ ಅಕ್ಕ, ಕೊಟ್ಟಿದ್ದಳು.

ಟೈಲರಮ್ಮ ಡಬ್ಬಿ ಹಾಕಿದಳು. ನೂಲು ಎಳೆದಳು. ತುಳಿದಳು. ಕೆಳಗೆ ಒತ್ತಿದ್ದು ಅವಳೇ; ಮೇಲೆ ಬರುವಾಗ ಚಕ್ರದ ಜೊತೆ ತನ್ನ ಪಾದವೂ ಒಂದಿಷ್ಟು ಏಳುವುದು ತಿಳಿಯಿತು. ಒಂದು ಪರದೆ, ಎರಡು ಪ್ಯಾಂಟಿನ ಅಂಚು, ಒಂದು ಕಿತ್ತ ಜಿಪ್ಪು. ಹಿಂದಿನಿಂದ ಬುಸ್ ಎಂಬ ಹಬೆ. ಕಿಟಕಿಯ ನೆರಳು ಮೇಜಿನ ಅಂಚಿಗೆ ಬಂದು ನಿಂತಿತು; ಗೋಡೆಯ ಗಡಿಯಾರ ಹನ್ನೆರಡು ಹೊಡೆಯಿತು.

ಅವಳು ನೂಲು ಕತ್ತರಿಸಿದಳು. ಎದ್ದಳು. ಎಂದಿನಂತೆ ಮಿಷನ್ನಿನ ಹೊಟ್ಟೆಗೆ ಕೈ ಹಾಕಿ ಡಬ್ಬಿ ತೆಗೆದಳು. ಸೊಂಟದ ಪರ್ಸಿನ ಕಡೆ ಹೋಗಲಿಲ್ಲ ಕೈ. ಸದ್ದಿಲ್ಲದ ಹೆಜ್ಜೆಯಲ್ಲಿ ಹಿಂದಿನ ಗೋಡೆಯವರೆಗೆ ನಡೆದು, ಓರಗಿತ್ತಿಯ ಕೈಯಿಂದ ಇಸ್ತ್ರಿ ಪೆಟ್ಟಿಗೆಯನ್ನು ತೆಗೆದುಕೊಂಡು, ಬರಿದಾದ ಆ ಬಿಸಿ ಅಂಗೈಯಲ್ಲಿ ಡಬ್ಬಿ ಇಟ್ಟಳು.

ಚಿಕ್ಕವಳು ಅಂಗೈ ನೋಡಿದಳು, ಅಕ್ಕನನ್ನು ನೋಡಿದಳು. "ನಿಂತು ಕೆಲಸ ಮಾಡಿ ಅಂತ ಮೇಷ್ಟ್ರು ಹೇಳಿದ್ರಾ ಅಕ್ಕಾ?"

"ಇಲ್ಲ" ಎಂದಳು ಟೈಲರಮ್ಮ, ಕಾಲರಿನ ಮೇಲೆ ಪೆಟ್ಟಿಗೆ ಇಡುತ್ತ. "ಅತ್ತೆ ಹೇಳಿದ್ರು."